ಪಂಚನಾಮೆಯ ಕಾಗದ ಊರವರ ಮೊಬೈಲಿಗೆ ಬರುವುದು ಹೇಗೆ?

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಕೆಲವು ವರ್ಷಗಳ ಹಿಂದೆ ನಮ್ಮ ಓಣಿಯ ಮನೆಯೊಂದರಲ್ಲಿ ಹರೆಯದ ಹುಡುಗನೊಬ್ಬ ಆತ್ಮಹತ್ಯೆ ಮಾಡಿಕೊಂಡಾಗ, ಶವ ಪಂಚನಾಮೆಗೆ ಪಂಚರಾಗಿ, ಅಂದರೆ ಸಾಕ್ಷಿಗಳಾಗಿ, ಪೊಲೀಸರು ಕರೆದ ಇಬ್ಬರಲ್ಲಿ ನಾನೂ ಒಬ್ಬ. ಗದಗ ಜಿಲ್ಲೆಯ ಪ್ರೌಢಶಾಲೆಗಳಲ್ಲಿ 31 ವರ್ಷ ಕನ್ನಡ ಕಲಿಸಿದವನಾದ್ದರಿಂದ ಓಣಿಯಲ್ಲಿ ಇಂಥ ಹೊತ್ತಿನಲ್ಲಿ 'ಮಾಸ್ತರನ್ನ ಕರೀರಿ' ಎನ್ನುವುದು ರೂಢಿ. ಕರೆದರು, ಹೋದೆ, ಸಹಿ ಮಾಡಿದೆ. ಆ ಹುಡುಗ ಯಾರು, ಓಣಿ ಯಾವುದು, ಠಾಣೆ ಯಾವುದು ಎಂಬುದನ್ನು ಇಲ್ಲಿ ಬರೆಯುವುದಿಲ್ಲ; ಬರೆದರೆ ಯಾವ ತಪ್ಪನ್ನು ಆಕ್ಷೇಪಿಸಲು ಈ ಪತ್ರ ಬರೆಯುತ್ತಿದ್ದೇನೋ ಅದೇ ತಪ್ಪನ್ನು ನಾನೂ ಮಾಡಿದಂತಾಗುತ್ತದೆ.

ಆತನ ಪುಸ್ತಕಗಳ ನಡುವೆ ಮಡಚಿಟ್ಟ ಒಂದು ಹಾಳೆ ಸಿಕ್ಕಿತು. ಮನೆಯ ಲೆಕ್ಕದ ನೋಟ್‌ಬುಕ್ಕಿನಿಂದ ಹರಿದದ್ದು. ಒಂದು ಮಗ್ಗುಲಿಗೆ ಆ ತಿಂಗಳ ಹಾಲಿನ ಲೆಕ್ಕ, ಇನ್ನೊಂದು ಮಗ್ಗುಲಿಗೆ ಅವ್ವನಿಗೆ ಬರೆದ ಮಾತು. 'ಹನ್ನೊಂದು ಸಾಲಿನ ಕೈಬರಹ' ಎಂದು ಪಂಚನಾಮೆಯಲ್ಲಿ ಬರೆಸಿದ್ದು ನನಗಿನ್ನೂ ನೆನಪಿದೆ. ಬಂದಿದ್ದ ಅಧಿಕಾರಿ ಅದನ್ನು ನಮ್ಮಿಬ್ಬರಿಗೆ ಕೇಳಿಸಲೆಂದು ಗಟ್ಟಿಯಾಗಿ ಓದಿದರು. ಆ ಹೊತ್ತಿಗೆ ಪಡಸಾಲೆಯ ಕಿಟಕಿಗೆ ಅರ್ಧ ಓಣಿ ಮುಖ ಹಚ್ಚಿ ನಿಂತಿತ್ತು. ಬಳಿಕ ಸಿಬ್ಬಂದಿಯೊಬ್ಬರು ಹಾಳೆಯನ್ನು ಮಂಚದ ಮೇಲೆ ಹರವಿ, ತಮ್ಮ ಸ್ವಂತ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡರು. ದೀಪ ಹಚ್ಚುವ ಹೊತ್ತಿಗೆ ಅದೇ ಫೋಟೊ, ಅದೇ ಮಂಚದ ಚಾದರದ ಅಂಚಿನೊಂದಿಗೆ, ನಾನಿರುವ ಎರಡು ವಾಟ್ಸ್‌ಆ್ಯಪ್ ಗುಂಪುಗಳಿಗೆ ಬಂದು ಮುಟ್ಟಿತ್ತು. ಅದರ ಕೆಳಗೆ ಕೈಮುಗಿದ ಚಿತ್ರಗಳ ಸಾಲು, ಮತ್ತೂ ಕೆಳಗೆ, ಕಾಗದದಲ್ಲಿ ಹೆಸರು ಬಂದಿದ್ದ ಹುಡುಗಿ ಯಾರ ಮಗಳು ಎಂಬ ವಿಚಾರಣೆ. ಯಾರಿಗಾಗಿ ಆ ಹನ್ನೊಂದು ಸಾಲು ಬರೆಯಲಾಗಿತ್ತೋ ಆ ತಾಯಿ ಅಷ್ಟೊತ್ತಿಗೆ ಶವಾಗಾರದ ಹೊರಗಿನ ಕಟ್ಟೆಯ ಮೇಲೆ ಕೂತಿದ್ದರು; ಅವರಿನ್ನೂ ಅದನ್ನು ಓದಿರಲಿಲ್ಲ.

ತನಿಖೆಯೇ ಬೇಡ ಎಂದು ನಾನು ಹೇಳುತ್ತಿಲ್ಲ. ಸಾವು ಅಸಹಜವೆಂದು ತಿಳಿದೊಡನೆ ಠಾಣೆಯ ಅಧಿಕಾರಿ ಸ್ಥಳಕ್ಕೆ ಬಂದು, ನೆರೆಹೊರೆಯ ಇಬ್ಬರು ಅಥವಾ ಹೆಚ್ಚು ಮಂದಿ ಗೌರವಸ್ಥರ ಸಮಕ್ಷಮ ಶವವನ್ನು ನೋಡಿ, ಮೈಮೇಲಿನ ಗಾಯ-ಗುರುತುಗಳನ್ನು ದಾಖಲಿಸಿ, ಸಾವಿಗೆ ಮೇಲ್ನೋಟಕ್ಕೆ ಕಾಣುವ ಕಾರಣವೇನೆಂದು ವರದಿ ಮಾಡಬೇಕೆಂದು ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಂ ಹೇಳುತ್ತಿತ್ತು; 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂ ಕೂಡ ಅದನ್ನೇ ಹೇಳಿ, ವರದಿಯು 24 ಗಂಟೆಯೊಳಗೆ ಜಿಲ್ಲಾ ಅಥವಾ ಉಪವಿಭಾಗ ದಂಡಾಧಿಕಾರಿಗೆ ತಲುಪಬೇಕೆಂದು ಗಡುವು ಹಾಕಿದೆ. ಮದುವೆಯಾಗಿ 7 ವರ್ಷದೊಳಗೆ ಹೆಣ್ಣುಮಗಳು ಸತ್ತಾಗ ತಹಶೀಲ್ದಾರರೇ ಬಂದು ಪಂಚನಾಮೆ ಮಾಡುವುದನ್ನು ನಮ್ಮ ಭಾಗದ ಜನ ಕಂಡಿದ್ದಾರೆ. ಕೊಲೆಯನ್ನು ಆತ್ಮಹತ್ಯೆಯೆಂದು ಮುಚ್ಚಿಹಾಕದಿರಲಿ, ಸಾವಿನತ್ತ ದೂಡಿದವರು ನುಣುಚಿಕೊಳ್ಳದಿರಲಿ ಎಂದೇ ಇಷ್ಟೆಲ್ಲ ಏರ್ಪಾಡು ಇರುವುದು, ಅದು ಇರಲೇಬೇಕು. ಆದರೆ ಈ ವಿಚಾರಣೆಗೆ ಒಂದು ಗಡಿಯೂ ಇದೆ. ಸಾವು ಅನುಮಾನಕ್ಕೆ ಆಸ್ಪದ ಕೊಡುವಂಥದ್ದೇ, ಮೇಲ್ನೋಟದ ಕಾರಣವೇನು ಎಂಬಷ್ಟನ್ನು ತಿಳಿಯುವುದೇ ಇದರ ವ್ಯಾಪ್ತಿ ಎಂದು ಸುಪ್ರೀಂ ಕೋರ್ಟ್ 1975ರಷ್ಟು ಹಿಂದೆಯೇ ಹೇಳಿದೆ. ಸತ್ತವನ ಬದುಕನ್ನೆಲ್ಲ ಓಣಿಯ ಮುಂದೆ ಬಿಚ್ಚಿಡಬೇಕೆಂದು ಯಾವ ಕಲಮಿನಲ್ಲಿಯೂ ಇಲ್ಲ.

ಠಾಣೆಯ ಬರಹಕ್ಕೆ ಅದರದೇ ಒಂದು ಕನ್ನಡವಿದೆ. 'ಜೀವನದಲ್ಲಿ ಜಿಗುಪ್ಸೆಗೊಂಡು' ಎಂಬ ಮಾತಿನ ಹಿಂದೆ ಒಂದು ಕಾರಣ ಬಂದು ಕೂಡುತ್ತದೆ: ಸಾಲ, ತಾಳಲಾರದ ಹೊಟ್ಟೆನೋವು, ಕುಡಿತ, ಮನೆಯ ಜಗಳ. ಕೊನೆಗೆ 'ಸಾವಿನಲ್ಲಿ ಬೇರೆ ಯಾವ ಸಂಶಯ ವಗೈರೆ ಇರುವುದಿಲ್ಲ' ಎಂಬ ಸಾಲು. ಮಗನ ಹೆಣ ಇನ್ನೂ ಒಳಗಿರುವಾಗ, ಯಾವ ಪ್ರಶ್ನೆಗೆ ಏನು ಹೇಳುತ್ತಿದ್ದೇನೆಂಬ ಎಚ್ಚರವಿಲ್ಲದ ತಂದೆಯೊಬ್ಬನ ಬಾಯಿಂದ ಬಂದ ಅರ್ಧ ಮಾತು ಹೀಗೆ ದಾಖಲೆಯಾಗುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ 1,70,924 ಮಂದಿ, ನಮ್ಮ ರಾಜ್ಯದಲ್ಲಿ 13,606 ಮಂದಿ ಆತ್ಮಹತ್ಯೆ ಮಾಡಿಕೊಂಡರು; 'ಕೌಟುಂಬಿಕ ಸಮಸ್ಯೆ', 'ಅನಾರೋಗ್ಯ' ಎಂದು ಆ ಪುಸ್ತಕ ಹಂಚಿ ತೋರಿಸುವ ಕಾರಣಗಳೆಲ್ಲ ಇಂಥ ಠಾಣಾ ಬರಹಗಳಿಂದಲೇ ಮೇಲೆ ಹೋದವು. ಎಣಿಕೆಗೆ ಹೋಗುವಾಗ ಹೆಸರು ಕಳಚಿಕೊಳ್ಳುತ್ತದೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಠಾಣೆಗಳಿಂದ ಹೊರಬೀಳುವ ದಿನದ ಅಪರಾಧ ವರದಿಗಳಲ್ಲಿ, ನಾನು ಕಂಡ ಮಟ್ಟಿಗೆ, ಸತ್ತವರ ಹೆಸರು, ವಯಸ್ಸು, ಜಾತಿ, ಉದ್ಯೋಗ, ಊರು-ಓಣಿ, ಎಲ್ಲದರ ಕೊನೆಗೆ ಈ 'ಕಾರಣ'ವೂ ಇರುತ್ತದೆ. ಹೊಟ್ಟೆನೋವೋ ಕುಡಿತವೋ ಎಂಬುದು ಇನ್ನೂ ಯಾರಿಗೂ ಗೊತ್ತಾಗಿರದ ಗಳಿಗೆಯಲ್ಲಿ ಅದು ಅಚ್ಚಾಗಿಬಿಡುತ್ತದೆ. ಮುಂದೆ ವಿಧಿವಿಜ್ಞಾನ ಪ್ರಯೋಗಾಲಯದಿಂದ ಬೇರೆ ವರದಿ ಬಂದರೂ ಮೊದಲ ದಿನದ ಮಾತೇ ಊರಲ್ಲಿ ಉಳಿಯುತ್ತದೆ.

ಸತ್ತವರಿಗೆ ಎಂಥ ಖಾಸಗಿತನ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಗೆ ಕಾನೂನಿನಲ್ಲಿ ಆಧಾರವೂ ಉಂಟು, ಅದನ್ನು ಮರೆಮಾಚಬಾರದು. ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ ಮೇಲೆಯೂ, ಆ ಹಕ್ಕು ವ್ಯಕ್ತಿಯೊಂದಿಗೇ ಮುಗಿಯುತ್ತದೆಂಬ ನಿಲುವನ್ನು ನ್ಯಾಯಾಲಯಗಳು ತಳೆದಿವೆ. ತೀರಿಕೊಂಡ ಚಿತ್ರನಟರೊಬ್ಬರ ತಂದೆ ಸಲ್ಲಿಸಿದ್ದ ದಾವೆಯಲ್ಲಿ ದೆಹಲಿ ಹೈಕೋರ್ಟ್ 2023ರಲ್ಲಿ ಹೇಳಿದ್ದು ಅದೇ. ಆದರೆ ಅಲ್ಲಿದ್ದ ವಿಷಯ ಆಗಲೇ ಊರಿಗೆಲ್ಲ ಗೊತ್ತಾಗಿದ್ದ ಸಂಗತಿಗಳನ್ನಿಟ್ಟು ಸಿನಿಮಾ ಮಾಡಬಹುದೇ ಎಂಬುದು. ಕಾನೂನಿನ ಬಲದಿಂದ ಮನೆಯೊಳಗೆ ಬಂದು, ಬೇರೆ ಯಾರೂ ಮುಟ್ಟುವಂತಿಲ್ಲದ ಕಾಗದವನ್ನು ವಶಪಡಿಸಿಕೊಂಡ ಸರ್ಕಾರಿ ನೌಕರ ಅದನ್ನು ಹಂಚಬಹುದೇ ಎಂಬ ಪ್ರಶ್ನೆಗೆ ಆ ತೀರ್ಪಿನಲ್ಲಿ ಉತ್ತರ ಹುಡುಕುವುದು ಸರಿಯಲ್ಲ. ಮನುಷ್ಯನಿಗೆ ಸಲ್ಲಬೇಕಾದ ಘನತೆ ಅವನ ಮೃತದೇಹಕ್ಕೂ ಸಲ್ಲುತ್ತದೆಂದು ಸುಪ್ರೀಂ ಕೋರ್ಟ್ ಪರಮಾನಂದ ಕಟಾರಾ ಪ್ರಕರಣದಲ್ಲಿ 1995ರಲ್ಲೇ ಹೇಳಿದೆ. ದೇಹಕ್ಕೆ ಬಿಳಿ ಬಟ್ಟೆ ಹೊದಿಸಿ, ಮಾತನ್ನು ಮಾತ್ರ ಬೆತ್ತಲೆ ಮಾಡಿ ಬಿಡುವುದು ನನಗಂತೂ ಒಪ್ಪಿಗೆಯಾಗದು.

ಮೇಲಾಗಿ ಸತ್ತವರ ಗುಟ್ಟು ಅವರೊಬ್ಬರದೇ ಆಗಿರುವುದಿಲ್ಲ. ಅಂದು ಆ ಹುಡುಗನ ಮೊಬೈಲನ್ನು ಅಣ್ಣನಿಂದ ಲಾಕ್ ತೆಗೆಸಿ, ಕಟ್ಟೆಯ ಮೇಲೆ ಕೂತು, ನಾಲ್ಕು ಜನರ ಎದುರಿಗೇ ಫೋಟೊಗಳನ್ನು ಸರಿಸಿ ಸರಿಸಿ ನೋಡಿದರು. ಅದರಲ್ಲಿದ್ದ ಸಂದೇಶಗಳನ್ನು ಬರೆದವರು, ಫೋಟೊದಲ್ಲಿದ್ದವರು ಬದುಕಿರುವವರು. ಅವರ ಖಾಸಗಿತನ ಯಾರ ಸಾವಿನೊಂದಿಗೂ ಮುಗಿದಿಲ್ಲ. ಕಾಗದದಲ್ಲಿ ಹೆಸರಿದ್ದ ಆ ಹುಡುಗಿಯ ಮೇಲೆ ಯಾವ ದೂರೂ ದಾಖಲಾಗಲಿಲ್ಲ, ಆಗುವಂಥದ್ದೇನೂ ಆ ಕಾಗದದಲ್ಲಿ ಇರಲಿಲ್ಲ. ಆದರೂ ಆಕೆ ಆ ವರ್ಷ ಕಾಲೇಜು ಬಿಟ್ಟಳು.

ನಮ್ಮ ಗದಗ, ಹಾವೇರಿ ಸೀಮೆಯಲ್ಲಿ ಈ ವಿಷಯಕ್ಕೆ ಇನ್ನೊಂದು ಮುಖವಿದೆ. ರೈತನೊಬ್ಬ ಸಾಲದಿಂದ ಆತ್ಮಹತ್ಯೆ ಮಾಡಿಕೊಂಡರೆ ಕುಟುಂಬಕ್ಕೆ ಸರ್ಕಾರ 5 ಲಕ್ಷ ರೂಪಾಯಿ ಪರಿಹಾರ ಕೊಡುತ್ತದೆ, ಅರ್ಹತೆಯನ್ನು ಉಪವಿಭಾಗಾಧಿಕಾರಿಗಳ ಅಧ್ಯಕ್ಷತೆಯ ಸಮಿತಿ ತೀರ್ಮಾನಿಸುತ್ತದೆ. ಅದಕ್ಕಾಗಿ ಸಾಲದ ಕಾಗದ, ಪಹಣಿ, ಮರಣೋತ್ತರ ಪರೀಕ್ಷೆಯ ವರದಿ, ಪೊಲೀಸ್ ದಾಖಲೆ ಎಲ್ಲವನ್ನೂ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುವವಳು ಅವನ ಹೆಂಡತಿ. ಸಾಲಕ್ಕೇ ಸತ್ತನೋ, ಕುಡಿದು ಸತ್ತನೋ ಎಂಬ ಪ್ರಶ್ನೆಯನ್ನು ಆಕೆ ಹತ್ತು ಮೇಜುಗಳ ಮುಂದೆ, ಅಕ್ಕಪಕ್ಕ ಹತ್ತು ಮಂದಿ ನಿಂತಿರುವಾಗ, ಎದುರಿಸಬೇಕಾಗುತ್ತದೆ. ಸಾರ್ವಜನಿಕರ ಹಣ ಕೊಡುವಾಗ ವಿಚಾರಿಸಬೇಕಾದದ್ದು ನ್ಯಾಯವೇ. ಆ ವಿಚಾರಣೆ ಒಂದು ಬಾಗಿಲ ಹಿಂದೆ, ಒಬ್ಬ ಅಧಿಕಾರಿಯ ಮುಂದೆ, ಒಮ್ಮೆ ನಡೆದರೆ ಸಾಲದೇ?

ಎಲ್ಲವನ್ನೂ ಮುಚ್ಚಿಟ್ಟರೆ ತಪ್ಪಿತಸ್ಥರಿಗೇ ಅನುಕೂಲ ಎಂಬ ಆಕ್ಷೇಪಕ್ಕೆ ತೂಕವಿದೆ. ಮೈಕ್ರೊ ಫೈನಾನ್ಸ್ ವಸೂಲಿಗಾರರ ಕಾಟದ ಸುದ್ದಿಗಳು ಒಂದರ ಮೇಲೊಂದು ಬರದೆ ಹೋಗಿದ್ದರೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ತರುತ್ತಿರಲಿಲ್ಲವೇನೋ. ವರದಕ್ಷಿಣೆಯ ಸಾವುಗಳ ವಿಷಯದಲ್ಲಿಯೂ ಹೀಗೆಯೇ. ಆದರೆ ಅಲ್ಲಿ ಜನರಿಗೆ ಗೊತ್ತಾಗಬೇಕಾದದ್ದು ಬಡ್ಡಿ ಎಷ್ಟಿತ್ತು, ಮನೆ ಬಾಗಿಲಿಗೆ ಯಾರು ಬಂದು ನಿಂತರು, ದೂರು ಕೊಟ್ಟಾಗ ಠಾಣೆ ಏನು ಮಾಡಿತು ಎಂಬುದು. ಸತ್ತವಳ ಔಷಧಿ ಚೀಟಿ, ಕೈಬರಹ, ಮುಖದ ಫೋಟೊ ಇಲ್ಲದೆಯೂ ಅಷ್ಟನ್ನು ಹೇಳಬಹುದಿತ್ತು.

ಔಷಧಿ ಚೀಟಿಯ ಮಾತು ಬಂದದ್ದರಿಂದ ಒಂದು ಸಂಗತಿ ಹೇಳಬೇಕು. ನಮ್ಮ ಕಡೆ ಯಾರದಾದರೂ ಮನಸ್ಸು ಕೆಟ್ಟಾಗ ತೋರಿಸಲು ಹತ್ತಿರದ ದೊಡ್ಡ ಆಸ್ಪತ್ರೆಯೆಂದರೆ ಧಾರವಾಡದ ಡಿಮ್ಹಾನ್ಸ್. 'ಧಾರವಾಡಕ್ಕ ಕಳಸಬೇಕು' ಎಂಬುದು ಇಂದಿಗೂ ಬೈಗುಳವಾಗಿ ಉಳಿದಿರುವ ನಾಡಿನಲ್ಲಿ, ಅಲ್ಲಿಗೆ ಹೋಗಿ ಬಂದವರು ಚೀಟಿಯನ್ನು ಪೆಟ್ಟಿಗೆಯ ತಳದಲ್ಲಿ ಬಚ್ಚಿಡುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23 ಮತ್ತು 24ನೇ ಕಲಂಗಳು ಚಿಕಿತ್ಸೆಯ ಮಾಹಿತಿಯನ್ನು ಗೋಪ್ಯವಾಗಿಡಬೇಕು, ರೋಗಿಯ ಒಪ್ಪಿಗೆಯಿಲ್ಲದೆ ಮಾಧ್ಯಮಗಳಿಗೆ ಕೊಡಬಾರದು ಎನ್ನುತ್ತವೆ. ಬದುಕಿದ್ದಾಗ ವೈದ್ಯರು ಬಾಯಿ ಬಿಡದೆ ಕಾದ ಗುಟ್ಟು, ಸತ್ತ ಅರ್ಧ ಗಂಟೆಯಲ್ಲಿ ಪೆಟ್ಟಿಗೆಯ ತಳದಿಂದ ಕಟ್ಟೆಗೆ ಬರುತ್ತದೆ. ಅದನ್ನು ನೋಡಿದ ಇನ್ನೊಂದು ಮನೆಯವರು ತಮ್ಮ ಮಗಳನ್ನು ಧಾರವಾಡದ ಬಸ್ಸಿಗೆ ಹತ್ತಿಸಲು ಹಿಂಜರಿಯುತ್ತಾರೆ. ನನಗೆ ಹೆಚ್ಚು ಭಯವಿರುವುದು ಇದರದೇ.

ಮಾಡಬಹುದಾದದ್ದು ಕಷ್ಟದ್ದೇನಲ್ಲ, ಹೊಸ ಕಾನೂನೂ ಬೇಕಿಲ್ಲ. ಸಿಕ್ಕ ಕಾಗದವನ್ನು ಪಂಚರಿಗೆ ತೋರಿಸಿ, ಸಹಿ ಪಡೆದು, ಅಲ್ಲೇ ಲಕೋಟೆಗೆ ಹಾಕಿ ಅರಗಿನ ಮುದ್ರೆ ಒತ್ತಬಹುದು; ಗಟ್ಟಿಯಾಗಿ ಓದುವ ಅಗತ್ಯವಿಲ್ಲ, ನಮಗೂ ಓದಲು ಬರುತ್ತದೆ. ಶೋಧನೆ ಮತ್ತು ಜಪ್ತಿಯನ್ನು ಚಿತ್ರೀಕರಿಸಬೇಕೆನ್ನುವ ಹೊಸ ಸಂಹಿತೆಯ 105ನೇ ಕಲಂ ಆ ಚಿತ್ರೀಕರಣ ತಡಮಾಡದೆ ದಂಡಾಧಿಕಾರಿಗಳಿಗೆ ಹೋಗಬೇಕೆಂದು ವಿಳಾಸವನ್ನೂ ಹೇಳಿದೆ. ಅಂಥದ್ದೇ ಶಿಸ್ತು ಶವ ಪಂಚನಾಮೆಯ ಪ್ರತಿ ಫೋಟೊಗೂ ಇರಬೇಕು, ಸಿಬ್ಬಂದಿಯ ಸ್ವಂತ ಮೊಬೈಲು ಜೇಬಿನಲ್ಲೇ ಇರಬೇಕು. ಹುಬ್ಬಳ್ಳಿ-ಧಾರವಾಡ ಪೊಲೀಸ್ ಆಯುಕ್ತರು ಮತ್ತು ಗದಗ, ಹಾವೇರಿ, ಧಾರವಾಡ ಜಿಲ್ಲೆಗಳ ಪೊಲೀಸ್ ವರಿಷ್ಠಾಧಿಕಾರಿಗಳು ತಮ್ಮ ಠಾಣೆಗಳಿಗೆ ಒಂದು ಸುತ್ತೋಲೆ ಹೊರಡಿಸಿದರೆ ಸಾಕು. ದಿನದ ವರದಿಯಲ್ಲಿ ಆತ್ಮಹತ್ಯೆಯ ಪ್ರಕರಣಕ್ಕೆ ಸಂಖ್ಯೆಯಷ್ಟೇ ಇರಲಿ, ಹೆಸರು, ಜಾತಿ, ಕಾರಣ ಬೇಡ.

ಪ್ರಕರಣ ಮುಗಿದ ಮೇಲೆ ಕಾಗದ ಯಾರದು ಎಂಬುದನ್ನೂ ಆ ಸುತ್ತೋಲೆಯಲ್ಲಿ ಬರೆಯಬೇಕು. ಆ ತಾಯಿ ಮೂಲ ಹಾಳೆಯನ್ನು ಮರಳಿಸಿರೆಂದು ಕೇಳಿದ್ದರು, ಅರ್ಜಿ ಬರೆದುಕೊಟ್ಟವನು ನಾನೇ. ಮೂಲವು ಕಡತದಲ್ಲೇ ಇರಬೇಕು, ಬೇಕಾದರೆ ನಕಲು ಪಡೆಯಬಹುದು ಎಂಬ ಉತ್ತರ ಬಂತು. 'ಊರ ಮಂದಿಗೆಲ್ಲಾ ಸಿಕ್ಕೈತಿ, ನನಗಷ್ಟ ಇಲ್ಲೇನ್ರಿ ಮಾಸ್ತರ?' ಎಂದು ಅವರು ಕೇಳಿದಾಗ ನನ್ನ ಬಳಿ ಮಾತಿರಲಿಲ್ಲ. ಆ ಹಾಳೆಯ ಕೆಳಗಿನ ಪಂಚನಾಮೆಯಲ್ಲಿ ನನ್ನ ಸಹಿಯೂ ಇದೆ. ಅಂದು ಫೋಟೊ ತೆಗೆಯುವಾಗ ನಾನು ತಡೆಯಬೇಕಿತ್ತು, ತಡೆಯಲಿಲ್ಲ.

ಕೊನೆಯದಾಗಿ ತಮ್ಮಲ್ಲಿ ಒಂದು ವಿನಂತಿ. ಆತ್ಮಹತ್ಯೆಯ ಸುದ್ದಿಯನ್ನು ಎದ್ದು ಕಾಣುವಂತೆ ಹಾಕಬಾರದು, ವಿಧಾನವನ್ನು ವಿವರಿಸಬಾರದು, ಸ್ಥಳದ ವಿವರ ಕೊಡಬಾರದು, ಫೋಟೊ ಬಳಸಬಾರದು ಎಂದು ಭಾರತೀಯ ಪತ್ರಿಕಾ ಮಂಡಳಿ 2019ರ ಸೆಪ್ಟೆಂಬರಿನಲ್ಲೇ ಮಾರ್ಗಸೂಚಿ ಕೊಟ್ಟಿದೆ. ಜಿಲ್ಲಾ ಪುಟಗಳಿಗೆ ಅದಿನ್ನೂ ಪೂರ್ತಿ ಇಳಿದಿಲ್ಲ. 'ಆತ್ಮಹತ್ಯೆಗೆ ಶರಣು' ಎಂಬ ತಲೆಬರಹವನ್ನೂ ದಯವಿಟ್ಟು ಕೈಬಿಡಿ. ಶರಣು ಎಂಬುದು ನಮ್ಮ ಸೀಮೆಯಲ್ಲಿ ಎದುರಾದವರಿಗೆ ಕೈಮುಗಿದು ಹೇಳುವ ಮಾತು, ದೇವರ ಮುಂದೆ ತಲೆಬಾಗಿ ಹೇಳುವ ಮಾತು. ಸಾವನ್ನು ಅಂಥ ಎತ್ತರದಲ್ಲಿ ಕೂರಿಸುವುದು ಬೇಡ. ಸುದ್ದಿ ಹಾಕಲೇಬೇಕಾದಾಗ ಠಾಣೆಯಿಂದ ಬಂದ ಚೀಟಿಯ ಒಕ್ಕಣೆಯನ್ನು ಹಾಗೆಯೇ ಇಳಿಸದೆ, ಹೆಸರು, ಓಣಿ, ಕಾರಣ ತೆಗೆದು, ಕೆಳಗೆ ಟೆಲಿ-ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಯನ್ನು ಸುದ್ದಿಯಷ್ಟೇ ದೊಡ್ಡ ಅಕ್ಷರದಲ್ಲಿ ಅಚ್ಚು ಮಾಡಿ. 2022ರ ಅಕ್ಟೋಬರಿನಿಂದ ನಡೆದಿರುವ ಆ ಸಂಖ್ಯೆಗೆ ಕರೆ ಮಾಡಲು ಹಣ ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲಿ ಮಾತಾಡಬಹುದು ಎಂಬುದನ್ನೂ ಜೊತೆಗೆ ಬರೆಯಿರಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕ,
ಗದಗ-ಬೆಟಗೇರಿ