ಮಳೆ ರಜೆಯ ಪಾಠ, ಆನ್‌ಲೈನ್ ಕಲಿಕೆ: ಪೋಷಕರಿಗೆ ಒಂದು ಪತ್ರ

ಪ್ರೀತಿಯ ಪೋಷಕರೇ, ಎಲ್ಲರಿಗೂ ನಮಸ್ಕಾರ.

ನಮ್ಮ ಸಕಲೇಶಪುರದ ಕಡೆ ಮಳೆ ಜೋರಾದರೆ ಶಾಲೆಗೆ ರಜೆ ಕೊಡುವುದು ಹೊಸದೇನಲ್ಲ. ಹಳ್ಳ ತುಂಬಿ ಹರಿಯುವಾಗ ಮಕ್ಕಳು ಮನೆಯಲ್ಲಿರುವುದೇ ಸರಿ. ಆದರೆ ಆ ದಿನಗಳ ಪಾಠದ ಗತಿ ಏನು? "ಆನ್‌ಲೈನ್‌ನಲ್ಲಿ ಮಾಡಿಬಿಡಿ ಮೇಡಂ" ಅಂತ ನಿಮ್ಮಲ್ಲಿ ಕೆಲವರು ಹೇಳಿದ್ದೀರಿ. "ನಮ್ಮನೇಲಿ ಅಂಥ ಫೋನೇ ಇಲ್ವಲ್ಲ" ಅಂತ ಇನ್ನು ಕೆಲವರು. ಎರಡೂ ನಿಜ. ರಾಜ್ಯದ ಎಲ್ಲ ಸರ್ಕಾರಿ ಶಾಲೆಗಳಿಗೂ ಒಗ್ಗುವಂಥ ಆನ್‌ಲೈನ್ ಕಲಿಕೆ ಹೇಗಿರಬೇಕು ಅಂತ ನಮ್ಮ ಶಾಲೆಯಿಂದಲೂ ಬರೆದು ಇಲಾಖೆಗೆ ಕೊಡೋಣ ಎಂದು ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸಭೆಯಲ್ಲಿ ತೀರ್ಮಾನ ಆಗಿದೆ. ಅದಕ್ಕೆ ನಿಮ್ಮ ಮಾತು ಬೇಕು.

ದೂರದಿಂದ ಪಾಠ ಮಾಡುವ ಪ್ರಯತ್ನ ನಮ್ಮ ರಾಜ್ಯದಲ್ಲಿ ಇವತ್ತು ನಿನ್ನೆಯದಲ್ಲ. ಆಕಾಶವಾಣಿಯ 'ಕೇಳಿ ಕಲಿ' ಪಾಠಗಳನ್ನು ಕೇಳಿಕೊಂಡೇ ಓದಿದ ಅಪ್ಪ ಅಮ್ಮಂದಿರು ನಿಮ್ಮಲ್ಲೂ ಇರಬಹುದು. 2004ರಲ್ಲಿ ಇಸ್ರೋ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿಸಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಅದರ ಮೂಲಕ ಪಾಠ ಹೋಗುತ್ತಿತ್ತು. ಇಂಥ ಉಪಗ್ರಹಗಳನ್ನು ನೋಡಿಕೊಳ್ಳುವುದು ನಮ್ಮ ಹಾಸನದಲ್ಲಿರುವ ಇಸ್ರೋದ ನಿಯಂತ್ರಣ ಕೇಂದ್ರ, ಎಂಸಿಎಫ್. ಮಕ್ಕಳಿಗೆ ಇದನ್ನು ಹೇಳುವಾಗ ನನಗೆ ತುಂಬ ಹೆಮ್ಮೆ ಆಗುತ್ತದೆ.

2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿದ್ದು ನಿಮಗೆಲ್ಲ ನೆನಪಿದೆ. ಆ ಜುಲೈನಲ್ಲಿ ಚಂದನ ವಾಹಿನಿಯಲ್ಲಿ ಪ್ರೌಢಶಾಲೆ ಮಕ್ಕಳಿಗೆ 'ಸಂವೇದ' ಪಾಠ ಶುರುವಾಯಿತು. ಆಗಸ್ಟ್‌ನಲ್ಲಿ 'ವಿದ್ಯಾಗಮ' ಬಂತು. ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗಿ, ಜಗಲಿ, ಸಮುದಾಯ ಭವನ, ಮರದ ನೆರಳು ಅಂತ ಜಾಗ ಸಿಕ್ಕಲ್ಲಿ ಕೂರಿಸಿಕೊಂಡು ಕಲಿಸಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು, ನಿಜ. ಆದರೆ ಅದರಲ್ಲಿ ನನಗೆ ಬಹಳ ಹಿಡಿಸಿದ ಒಂದು ವಿಷಯ ಇದೆ. ಫೋನೇ ಇಲ್ಲದ ಮಕ್ಕಳು, ಕೀಪ್ಯಾಡ್ ಫೋನ್ ಇರುವವರು, ಇಂಟರ್ನೆಟ್ ಇರುವ ಫೋನ್ ಸಿಗುವವರು ಅಂತ ಮೊದಲು ಗುಂಪು ಮಾಡಿಕೊಂಡು, ಆಮೇಲೆ ಪಾಠ ಯೋಚಿಸಿದ್ದರು. ರಾಜ್ಯದ ಯಾವ ಯೋಜನೆಯೂ ಶುರುವಾಗಬೇಕಾದ್ದು ಅಲ್ಲಿಂದಲೇ. ಫೋನ್ ಇಲ್ಲದ ಮಗುವಿನ ಪಾಠ ಮೊದಲು ಗಟ್ಟಿಯಾಗಲಿ, ಉಳಿದದ್ದು ಅದರ ಮೇಲೆ ಬರಲಿ. 6ರಿಂದ 14 ವರ್ಷದ ಪ್ರತಿ ಮಗುವಿಗೂ ಶಿಕ್ಷಣ ಹಕ್ಕು ಅಂತ ಕಾನೂನೇ ಹೇಳುತ್ತದೆ. ರೀಚಾರ್ಜ್ ಮುಗಿಯಿತು ಅಂತ ಆ ಹಕ್ಕು ಮುಗಿಯಬಾರದು, ಅಲ್ವಾ?

ಇನ್ನೊಂದು ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. 52ರಲ್ಲಿ 27 ಕಳೆಯಿರಿ ಅಂದರೆ ಮೂರನೇ ಕ್ಲಾಸಿನ ಎಷ್ಟೋ ಮಕ್ಕಳು 35 ಅಂತ ಬರೆಯುತ್ತಾರೆ. 2ರಲ್ಲಿ 7 ಹೋಗುವುದಿಲ್ಲ, ಅದಕ್ಕೆ ತಿರುಗಿಸಿ 7ರಲ್ಲಿ 2 ಕಳೆದು 5 ಅಂತಾರೆ. ಆಮೇಲೆ 5ರಲ್ಲಿ 2 ಹೋದರೆ 3. ವಿಡಿಯೋದಲ್ಲಿ ಸರಿ ಉತ್ತರ 25 ಅಂತ ಬರುತ್ತದೆ. ಮಗು 35 ಅಳಿಸಿ 25 ಬರೆದುಕೊಂಡು ಮುಂದೆ ಹೋಗುತ್ತದೆ. ಎಲ್ಲಿ ತಪ್ಪಿತು ಅಂತ ಮಗುವಿಗೂ ಗೊತ್ತಾಗಲಿಲ್ಲ, ನಮಗೂ ಗೊತ್ತಾಗಲಿಲ್ಲ. ಅದೇ ನೋಟ್‌ಬುಕ್‌ನಲ್ಲಿ 35 ಕಂಡರೆ ಸಾಕು, ದಶಕ ಬಿಡಿಸಿಕೊಳ್ಳುವುದು ತಿಳಿದಿಲ್ಲ ಅಂತ ಟೀಚರ್‌ಗೆ ತಕ್ಷಣ ಗೊತ್ತಾಗುತ್ತದೆ. ಹತ್ತತ್ತು ಕಡ್ಡಿಯ ಕಟ್ಟು ಕೊಟ್ಟು, ಒಂದು ಕಟ್ಟು ಬಿಚ್ಚಿಸಿ ತೋರಿಸಿದರೆ ಹತ್ತು ನಿಮಿಷದ ಕೆಲಸ.

ಪಾಠ ಮಗುವಿನ ಹತ್ತಿರ ಹೋಗುವ ದಾರಿಯನ್ನು ಎಲ್ಲರೂ ಯೋಚಿಸುತ್ತಾರೆ. ಮಗು ಬರೆದದ್ದು ಟೀಚರ್ ಹತ್ತಿರ ವಾಪಸ್ ಬರುವ ದಾರಿಯೂ ಬೇಕು. ಇಲಾಖೆಗೆ ಕೊಡುವ ನಮ್ಮ ಪತ್ರದಲ್ಲಿ ಮುಖ್ಯವಾಗಿ ಇದನ್ನೇ ಬರೆಯಬೇಕು ಅಂತ ನನ್ನ ಆಸೆ. ಚಾನೆಲ್, ಆ್ಯಪ್ ಎಷ್ಟು ಬಂದರೂ ಸಂತೋಷ. ಜೊತೆಗೆ ವಾರಕ್ಕೊಮ್ಮೆ ಪ್ರತಿ ಮಗುವಿನ ನೋಟ್‌ಬುಕ್ ಒಬ್ಬ ಶಿಕ್ಷಕರ ಕಣ್ಣಿಗೆ ಬೀಳಬೇಕು. ಅದಕ್ಕೆ ಶಿಕ್ಷಕರು ಬೇಕು, ಅವರ ಓಡಾಟಕ್ಕೆ ದುಡ್ಡು ಬೇಕು, ಅಭ್ಯಾಸ ಹಾಳೆ ಜೆರಾಕ್ಸ್ ಮಾಡಿಸಲೂ ದುಡ್ಡು ಬೇಕು. ಯೋಜನೆಯಲ್ಲಿ ಇದಕ್ಕೆಲ್ಲ ಹಣ ಇಡಬೇಕು.

ಈ ಮಳೆಗಾಲಕ್ಕೆ ನಮ್ಮ ಶಾಲೆ ಮಟ್ಟಿಗೆ ಹೀಗೆ ಮಾಡೋಣ ಅಂದುಕೊಂಡಿದ್ದೇವೆ. ರಜೆ ಸೂಚನೆ ಸಿಕ್ಕ ಕೂಡಲೇ ಅಭ್ಯಾಸ ಹಾಳೆ ಕೊಟ್ಟು ಕಳಿಸುತ್ತೇವೆ. ರಾತ್ರೋರಾತ್ರಿ ರಜೆ ಆದರೂ ತೊಂದರೆ ಆಗದಂತೆ ಒಂದು ವಾರದ ಹಾಳೆ ಮೊದಲೇ ಮನೆಯಲ್ಲಿರುತ್ತದೆ. ಕೀಪ್ಯಾಡ್ ಫೋನ್ ಇದ್ದರೂ ಸಾಕು, ಟೀಚರ್ ಸಂಜೆ ಕರೆ ಮಾಡಿ ಮಗುವಿನ ಹತ್ತಿರ ಮಾತಾಡುತ್ತಾರೆ. ಪುಸ್ತಕದ ಕ್ಯೂಆರ್ ಕೋಡ್‌ನಿಂದ ಸರ್ಕಾರದ ಕಲಿಕಾ ಆ್ಯಪ್ ದೀಕ್ಷಾದ ಪಾಠಗಳನ್ನು ಶಾಲೆಯಲ್ಲೇ ಡೌನ್‌ಲೋಡ್ ಮಾಡಿ ನಿಮ್ಮ ಫೋನ್‌ಗೆ ಹಾಕಿಕೊಡುತ್ತೇವೆ. ನೋಡುವಾಗ ನೆಟ್ ಬೇಡ. ಬರೆದ ನೋಟ್‌ಬುಕ್‌ಗಳನ್ನು ಹಾಲಿನ ಡೇರಿಯಲ್ಲೋ ಅಂಗನವಾಡಿಯಲ್ಲೋ ಕೊಟ್ಟರೆ ನಾವು ತರಿಸಿಕೊಳ್ಳುತ್ತೇವೆ. ಯಾವ ಜಾಗ ಅನುಕೂಲ ಅಂತ ನೀವೇ ಹೇಳಿ.

ದಿನವಿಡೀ ಆನ್‌ಲೈನ್ ಕ್ಲಾಸ್ ಮಾತ್ರ ಬೇಡ. 1ರಿಂದ 8ನೇ ತರಗತಿಗೆ ದಿನಕ್ಕೆ 30ರಿಂದ 45 ನಿಮಿಷದ ಎರಡು ಅವಧಿ ಸಾಕು ಅಂತ ಕೇಂದ್ರ ಸರ್ಕಾರ 2020ರಲ್ಲೇ ಮಾರ್ಗಸೂಚಿ ಕೊಟ್ಟಿದೆ.

ಇನ್ನು ನಿಮ್ಮ ಹತ್ತಿರ ಕೈಮುಗಿದು ಕೇಳುವ ಮಾತು. ಸಿಗ್ನಲ್ ಹುಡುಕಿಕೊಂಡು ಮಕ್ಕಳನ್ನು ಗುಡ್ಡಕ್ಕೋ ತೋಟದ ದಾರಿಗೋ ಕಳಿಸಬೇಡಿ. ಆನೆ ಓಡಾಡುವ ಜಾಗ ನಮ್ಮದು. ಪಾಠ ತಪ್ಪಿದರೆ ಮತ್ತೆ ಹೇಳಿಕೊಡುತ್ತೇವೆ. ಹಾಗೆಯೇ ತೋಟದಲ್ಲಿ ಮುಂಗಡ ತಗೊಂಡೋ ಸಾಲ ಮಾಡಿಯೋ ಫೋನ್ ಕೊಳ್ಳಬೇಡಿ. ಫೋನ್ ಇಲ್ಲ ಅಂತ ಯಾವ ಮಗುವನ್ನೂ ನಾವು ಹಿಂದೆ ಬಿಡುವುದಿಲ್ಲ. ಮನೆಯಲ್ಲಿ ಒಂದೇ ಫೋನ್ ಇದ್ದರೆ ಅಣ್ಣನಿಗೆ ಸಿಕ್ಕಷ್ಟೇ ಹೊತ್ತು ತಂಗಿಗೂ ಸಿಗಲಿ.

ಈ ಪತ್ರದ ಜೊತೆ ಒಂದು ಹಾಳೆ ಇದೆ. "ಫೋನ್ ಇದೆಯಾ" ಅಂತ ಮಾತ್ರ ಕೇಳಿಲ್ಲ. ಹಗಲು ಹೊತ್ತು ಅದು ಮನೆಯಲ್ಲಿರುತ್ತದೋ, ಕೆಲಸಕ್ಕೆ ಹೋದವರ ಜೇಬಿನಲ್ಲೋ? ಮನೆ ಒಳಗೆ ಸಿಗ್ನಲ್ ಸಿಗುತ್ತದಾ? ಎಷ್ಟು ಮಕ್ಕಳಿಗೆ ಒಂದು ಫೋನ್? ಟಿವಿ, ರೇಡಿಯೋ ಇದೆಯಾ? ಕರೆಂಟ್ ಹೋದರೆ ಎಷ್ಟು ಹೊತ್ತಿಗೆ ಬರುತ್ತದೆ? ಇದ್ದದ್ದು ಇದ್ದ ಹಾಗೆ ಬರೆಯಿರಿ, ಸಂಕೋಚ ಬೇಡ. ಬರೆಯಲು ಬಾರದವರು ಬಾಯಲ್ಲಿ ಹೇಳಿ, ಮಕ್ಕಳ ಕೈಲಿ ಬರೆಸಿ. ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿರುವ ಬೇರೆ ಭಾಷೆಯ ಅಕ್ಕಪಕ್ಕದವರಿಗೂ ದಯವಿಟ್ಟು ತಿಳಿಸಿ.

ಹಾಳೆಯನ್ನು ಶನಿವಾರದೊಳಗೆ ಮಕ್ಕಳ ಕೈಲಿ ಕಳಿಸಿ. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಶಾಲೆಯಲ್ಲಿ ಪೋಷಕರ ಸಭೆ. ತೋಟದ ಕೆಲಸಕ್ಕೆ ಹೋಗುವ ಅಮ್ಮಂದಿರಿಗೂ ಬರಲು ಆಗಲಿ ಅಂತಲೇ ಭಾನುವಾರ ಇಟ್ಟಿದ್ದೇವೆ. ಇಲಾಖೆಗೆ ಕೊಡುವ ಪತ್ರವನ್ನು ಅಲ್ಲೇ ಓದಿ, ನೀವು ಹೇಳಿದ್ದನ್ನು ಸೇರಿಸಿ, ಎಲ್ಲರ ಸಹಿ ಹಾಕಿಸಿ ಕಳಿಸುತ್ತೇವೆ.

ವಿಶ್ವಾಸದಿಂದ,
ಮುಖ್ಯ ಶಿಕ್ಷಕಿ
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ
ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ