ಸಚಿವರೇ, ಜೂನ್ ಒಂದರೊಳಗೆ ನಮ್ಮೂರಿನ ನಕ್ಷೆ ಕೊಡಿ

ರಾಜ್ಯದ ವಿಪತ್ತು ನಿರ್ವಹಣೆಯ ಹೊಣೆ ಹೊತ್ತಿರುವ ಮಾನ್ಯ ಸಚಿವರಿಗೆ,

ಮಡಿಕೇರಿ ತಾಲ್ಲೂಕಿನ ಗುಡ್ಡದ ಊರೊಂದರ ಸಣ್ಣ ಕಾಫಿ ಬೆಳೆಗಾರನ ನಮಸ್ಕಾರ.

ನಮ್ಮ ಮನೆಯ ಟ್ರಂಕಿನಲ್ಲಿ ಏಳು ನೋಟಿಸ್‌ಗಳಿವೆ. 2019ರಿಂದ 2025ರವರೆಗೆ ವರ್ಷಕ್ಕೊಂದು. ಎಲ್ಲದರಲ್ಲೂ ಒಂದೇ ಮಾತು. ತಾವು ಅಪಾಯಕಾರಿ ಸ್ಥಳದಲ್ಲಿ ವಾಸವಾಗಿದ್ದು, ಮಳೆಗಾಲದಲ್ಲಿ ಸುರಕ್ಷಿತ ಸ್ಥಳಕ್ಕೆ ತೆರಳತಕ್ಕದ್ದು, ತಪ್ಪಿದಲ್ಲಿ ಮುಂದಾಗುವ ಅನಾಹುತಕ್ಕೆ ತಾವೇ ಜವಾಬ್ದಾರರು. ಕೆಳಗೆ ನನ್ನ ಸಹಿ. ಬದಲಾಗುವುದು ಇಸವಿ ಮಾತ್ರ. ಒಂದು ವರ್ಷ ಅದನ್ನೂ ಹೊಸದಾಗಿ ಟೈಪ್ ಮಾಡಿರಲಿಲ್ಲ, ಹಳೆಯದರ ಮೇಲೆ ಪೆನ್ನಿನಲ್ಲಿ ತಿದ್ದಿದ್ದರು. ಈ ಸಲದ್ದು ಇನ್ನೂ ಬಂದಿಲ್ಲ. ಅದು ಬರುವ ಮೊದಲು ನಾನೇ ನಿಮಗೊಂದು ನೋಟಿಸ್ ಕೊಡೋಣ ಅಂತ ಬರೆಯಲು ಕೂತಿದ್ದೇನೆ.

ಅಪಾಯ ಎಲ್ಲಿದೆ ಎಂದು ಆ ಕಾಗದದಲ್ಲಿ ಇರುವುದಿಲ್ಲ. ಮನೆ ಹಿಂದಿನ ಬರೆಯಾ (ಗುಡ್ಡದ ಕಡಿದಾದ ಮಣ್ಣಿನ ಬದಿಗೆ ನಾವು ಹಾಗನ್ನುತ್ತೇವೆ), ಮೇಲಿನ ತೋಟವಾ, ತೋಡಿನ ಬದಿಯಾ? ಸುರಕ್ಷಿತ ಸ್ಥಳ ಅಂದ್ರೆ ಯಾವುದು? ತಂದುಕೊಟ್ಟವರನ್ನು ಕೇಳಿದರೆ, "ನಮಗೇನು ಗೊತ್ತು ಅಣ್ಣಾ, ಮೇಲಿಂದ ಲಿಸ್ಟ್ ಬಂದಿದೆ" ಎನ್ನುತ್ತಾರೆ. ಪಾಪ, ಅವರ ತಪ್ಪಲ್ಲ. ಆದರೆ ಆ "ಮೇಲಿಂದ" ಅನ್ನುವ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಯಾಕೆಂದರೆ ನಿಜವಾಗಿಯೂ ಮೇಲೆ, 747 ಕಿಲೋಮೀಟರ್ ಎತ್ತರದಲ್ಲಿ, ನಮ್ಮ ಬರೆಯನ್ನು ನೋಡಬಲ್ಲ ಒಂದು ಕಣ್ಣಿದೆ.

ನಿಸಾರ್ ಉಪಗ್ರಹದ ವಿಷಯ ಹೇಳುತ್ತಿದ್ದೇನೆ. 2025ರ ಜುಲೈ 30ರಂದು ಇಸ್ರೋ ಮತ್ತು ನಾಸಾ ಸೇರಿ ಹಾರಿಸಿದ್ದು. ಟಿವಿಯಲ್ಲಿ ನಾನೂ ನೋಡಿದೆ, ಚಪ್ಪಾಳೆಯನ್ನೂ ತಟ್ಟಿದೆ. ವಯನಾಡಿನ ಗುಡ್ಡ ಜಾರಿ ಊರುಗಳನ್ನು ಕೊಚ್ಚಿಕೊಂಡು ಹೋಗಿ ಅವತ್ತಿಗೆ ಸರಿಯಾಗಿ ಒಂದು ವರ್ಷ. ಮೋಡ ಕವಿದಿದ್ದರೂ, ರಾತ್ರಿಯಾದರೂ ಇದರ ರೇಡಾರ್ ನೆಲ ನೋಡುತ್ತದೆ. ಎಲೆಗಳನ್ನು ದಾಟಿ ಹೋಗುವ ಎಲ್ ಬ್ಯಾಂಡ್ ಅಲೆಗಳೂ ಅದರಲ್ಲಿವೆ. ಕಾಡು, ತೋಟ ತುಂಬಿದ ನಮ್ಮಂಥ ಜಾಗಕ್ಕೆ ಬೇಕಾದದ್ದೇ ಅದು. 12 ದಿನಕ್ಕೊಮ್ಮೆ ಅದೇ ದಾರಿಗೆ ಬರುತ್ತದೆ. ಹಿಂದಿನ ಸಲಕ್ಕೂ ಈ ಸಲಕ್ಕೂ ನೆಲ ಒಂದೆರಡು ಸೆಂಟಿಮೀಟರ್ ಜರುಗಿದ್ದರೆ ಲೆಕ್ಕಕ್ಕೆ ಸಿಗುತ್ತದೆ. ಮಾಹಿತಿ ಎಲ್ಲರಿಗೂ ಉಚಿತ.

ಅಂದರೆ ಅಮೆರಿಕದಲ್ಲಿ ಕೂತ ಒಬ್ಬ ವಿದ್ಯಾರ್ಥಿ ನಮ್ಮ ಬರೆ ಎಷ್ಟು ಜಾರಿದೆ ಎಂದು ನೋಡಬಹುದು. ಬರೆಯ ಕೆಳಗೆ ಮಲಗುವ ನನಗೆ ಗೊತ್ತಾಗುವುದಿಲ್ಲ.

2018ರ ಮಾತು ಸ್ವಲ್ಪ ಹೇಳಲೇಬೇಕು. ಆ ಆಗಸ್ಟ್‌ನ ಮಳೆ ನಿಮಗೆ ನೆನಪಿರುತ್ತದೆ. ನಮ್ಮ ಕಡೆ ಪ್ರತಿ ತೋಟದಲ್ಲೂ ಮಳೆಮಾಪಕ ಇರುತ್ತದೆ, ಡೈರಿಯಲ್ಲಿ ಇಂಚು ಸೆಂಟ್ಸ್ ಬರೆದಿಡುವುದು ಅಪ್ಪನ ಕಾಲದ ಅಭ್ಯಾಸ. ಆ ವಾರ ಗ್ಲಾಸು ತುಂಬಿ ಹರಿದು, ಬರೆಯುವುದನ್ನೇ ಬಿಟ್ಟೆ. ಆಗಸ್ಟ್ 14ರಂದು ಬೆಳಿಗ್ಗೆ ಅಡುಗೆಮನೆಯ ಹಿಂಬಾಗಿಲು ಹಾಕೋಕೆ ಆಗಲಿಲ್ಲ. ಮಳೆಗೆ ಮರ ಉಬ್ಬಿದೆ ಅಂದುಕೊಂಡು ಉಜ್ಜುಗೊರಡು ತಂದು ಅಂಚು ಹೆರೆದೆ. ಬಾಗಿಲು ಕೂತಿತು. ಸಂಜೆ ಮತ್ತೆ ಕಚ್ಚಿಕೊಂಡಿತು. ಮತ್ತೆ ಹೆರೆದೆ. ಮರ ಉಬ್ಬಿರಲಿಲ್ಲ ಸಾರ್, ಮನೆಯೇ ವಾಲುತ್ತಿತ್ತು. ಹಿಂದೆ ಗುಡ್ಡ ಜರುಗುತ್ತಿತ್ತು, ನಾನು ಬಡಗಿ ಕೆಲಸ ಮಾಡುತ್ತಾ ನಿಂತಿದ್ದೆ. 16ರ ರಾತ್ರಿ ಮುಕ್ಕಾಲು ಎಕರೆ ತೋಟ, ಸಿಲ್ವರ್ ಮರಗಳು ನಿಂತ ಹಾಗೇ, ಕೆಳಗಿನ ಗದ್ದೆಗೆ ಇಳಿದವು. ಆ ಸದ್ದನ್ನು ಬರೆಯಲು ನನಗೆ ಬರುವುದಿಲ್ಲ. ನಾವು ಪಕ್ಕದ ಮನೆಯಲ್ಲಿದ್ದೆವು, ಬದುಕಿದೆವು. ಮೂರು ವಾರ ಪರಿಹಾರ ಕೇಂದ್ರದಲ್ಲಿ ಮಲಗಿದೆವು. ಉಳಿದ ತೋಟ ಇಲ್ಲೇ ಇದೆ, ಹಾಗಾಗಿ ವಾಪಸ್ ಬಂದೆವು. ಬೇರೆಲ್ಲಿಗೆ ಹೋಗೋದು?

ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ 2023ರಲ್ಲಿ ಭೂಕುಸಿತಗಳ ಅಟ್ಲಾಸ್ ಒಂದನ್ನು ಹೊರತಂದಿತು. ಇಸ್ರೋದ್ದೇ ಕೇಂದ್ರ. 1998ರಿಂದ 2022ರವರೆಗಿನ ಸುಮಾರು 80,000 ಕುಸಿತಗಳನ್ನು ಉಪಗ್ರಹ ಚಿತ್ರಗಳಿಂದ ಗುರುತಿಸಿ, 147 ಜಿಲ್ಲೆಗಳಿಗೆ ಕ್ರಮಾಂಕ ಕೊಟ್ಟಿದ್ದಾರೆ. ಕೊಡಗಿಗೆ 12ನೇ ಸ್ಥಾನ. ನಮ್ಮ ನಂತರ, 13ನೇ ಸ್ಥಾನದಲ್ಲಿ ಯಾವುದಿತ್ತು ಗೊತ್ತಾ? ವಯನಾಡು. ಮರುವರ್ಷ ಅಲ್ಲಿ ಏನಾಯಿತು ಎಂದು ಮತ್ತೆ ಹೇಳಬೇಕಿಲ್ಲ. ನಮ್ಮದು ಅದಕ್ಕಿಂತ ಒಂದು ಮೆಟ್ಟಿಲು ಮೇಲೆ.

ಜಿಲ್ಲೆಗೆ ನಂಬರ್ ಸಿಕ್ಕಿದೆ. ಗುಡ್ಡಕ್ಕೆ ಸಿಕ್ಕಿಲ್ಲ. ನನಗೆ ಬೇಕಿರುವುದು ಅದೇ. ನಮ್ಮ ಗ್ರಾಮ ಪಂಚಾಯಿತಿಯ ಗೋಡೆ ಮೇಲೆ ಒಂದು ನಕ್ಷೆ. ಕನ್ನಡದಲ್ಲಿ. ಸರ್ವೆ ನಂಬರ್ ಸಮೇತ. ಯಾವ ಬರೆ ಜರುಗುತ್ತಿದೆ, ಯಾವುದು ಗಟ್ಟಿ ಇದೆ, ರಾತ್ರಿ ಓಡುವುದಾದರೆ ಯಾವ ದಾರಿ. ಜೂನ್ ಒಂದರೊಳಗೆ. ಇಷ್ಟೇ.

ಈಗ ಒಂದು ಫೋಟೋದ ಕಥೆ ಕೇಳಿ. ಕೇಳಿ ನಗಬೇಡಿ. ನಕ್ಕರೂ ಪರವಾಗಿಲ್ಲ, ನನಗೇ ಆಮೇಲೆ ನಗು ಬಂತು.

2024ರ ಜುಲೈನಲ್ಲಿ ಬರೆ ಮತ್ತೆ ಜರಿಯಿತು. ಈ ಸಲ ಅಡುಗೆಮನೆ ಹೋಯಿತು. ಅದೇ ಬಾಗಿಲು ಸಮೇತ. ಹಾನಿ ಎಷ್ಟು ಎಂದು ನೋಡಿ ಮನೆಗೆ ಪರಿಹಾರ ಕೊಡುವ ಎ, ಬಿ, ಸಿ ಕೆಟಗರಿ ನಿಯಮಗಳು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅರ್ಜಿ ಕೊಟ್ಟೆ. ನಾಲ್ಕನೇ ದಿನ ಸಮೀಕ್ಷೆಗೆ ಒಬ್ಬ ಹುಡುಗ ಬಂದ, ಒಳ್ಳೆಯವನೇ. ಆ್ಯಪ್‌ನಲ್ಲಿ ಜಿಪಿಎಸ್ ಫೋಟೋ ಬೇಕು, ಮನೆ ಮುಂದೆ ಮಾಲೀಕರು ನಿಂತಿರಬೇಕು ಅಂದ. ಆ್ಯಪ್ ತೆರೆಯಲು ನೆಟ್‌ವರ್ಕ್ ಬೇಕು. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಒಂದೂವರೆ ಕಿಲೋಮೀಟರ್ ಮೇಲೆ, ರಸ್ತೆ ತಿರುವಿನಲ್ಲಿ. ಅಲ್ಲಿಗೆ ಹೋಗಿ, ಫೋಟೋ ತೆಗೆಸಿಕೊಂಡು, ಕಳಿಸಿ ಬಂದೆವು. ಹದಿನೈದು ದಿನದ ನಂತರ ಅರ್ಜಿ ತಿರಸ್ಕೃತ. ಕಾರಣ, ಸ್ಥಳ ಹೊಂದಿಕೆಯಾಗುತ್ತಿಲ್ಲ. ರಸ್ತೆ ತಿರುವಿನಲ್ಲಿ ಮನೆ ಇಲ್ಲವಂತೆ. ಹೌದು ಮಾರಾಯ್ರೇ, ಇಲ್ಲ!

ಹುಡುಗ ಮತ್ತೆ ಬಂದ. ಸುರಿಯುವ ಮಳೆ. ನನ್ನ ಹೆಂಡತಿ ಅವನ ಫೋನಿಗೆ ಕೊಡೆ ಹಿಡಿದಳು, ನನಗಲ್ಲ. ಅಡುಗೆಮನೆ ಇದ್ದ ಜಾಗದಲ್ಲಿ ಕೆಸರಿನಲ್ಲಿ ನಿಂತೆ. ಬೆನ್ನ ಹಿಂದೆ, ಹದಿನೈದಡಿ ಮೇಲೆ, ಅರ್ಧ ಜರಿದ ಬರೆ ಬೇರುಗಳ ಮೇಲೆ ನೇತಾಡುತ್ತಿದೆ. ಹುಡುಗ ಹೇಳಿದ: "ಸ್ವಲ್ಪ ಹಿಂದೆ ಹೋಗಿ ಸಾರ್, ಫ್ರೇಮಿಗೆ ಬರ್ತಿಲ್ಲ."

ಹಿಂದೆ ಹೋದೆ. ಪರಿಹಾರದ ಹಣ ಬೇಕಲ್ಲ.

ಜಿಪಿಎಸ್ ಕೆಲಸ ಮಾಡಬೇಕಾದರೆ ಕನಿಷ್ಠ ನಾಲ್ಕು ಉಪಗ್ರಹಗಳು ಕಾಣಬೇಕಂತೆ. ನನ್ನ ಮಗ ಹೇಳಿದ್ದು. ಅಂದರೆ ನಾನು ಸುಳ್ಳು ಹೇಳುತ್ತಿಲ್ಲ ಎಂದು ಸಾಕ್ಷಿ ನುಡಿಯಲು ನಾಲ್ಕು ಉಪಗ್ರಹ ಬಂದವು. ಬರೆ ಕುಸಿಯುತ್ತದೆ ಎಂದು ಹೇಳಲು ಒಂದೂ ಬರಲಿಲ್ಲ.

ನಿಮ್ಮವರು ಹೇಳಬಹುದು, ಮೊಬೈಲ್‌ಗೆ ಎಚ್ಚರಿಕೆ ಕಳಿಸುತ್ತೇವೆ ಎಂದು. 2023ರ ಅಕ್ಟೋಬರ್‌ನಲ್ಲಿ ರಾಜ್ಯದ ಫೋನುಗಳೆಲ್ಲ ಒಟ್ಟಿಗೆ ಕಿರುಚಿದ್ದು ನೆನಪಿದೆ, ಇದು ಪರೀಕ್ಷಾ ಸಂದೇಶ ಎಂದು. ನಮ್ಮೂರಿನಲ್ಲಿ ಕಿರುಚಿದ್ದು ತಿರುವಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ಮೂರು ಫೋನುಗಳು. 2018ರಲ್ಲಂತೂ ಕರೆಂಟ್ ಹೋಗಿ, ಟವರಿನ ಬ್ಯಾಟರಿ ಸತ್ತು, ಯಾವ ಫೋನೂ ಉಸಿರೆತ್ತಲಿಲ್ಲ. ಮಳೆ ಜೋರಾದ ಮೇಲೆ ಬರುವ ಸಂದೇಶ ನಮಗೆ ತಲುಪುವುದಿಲ್ಲ. ಗೋಡೆ ಮೇಲಿನ ನಕ್ಷೆಗೆ ಕರೆಂಟ್ ಬೇಡ, ಟವರ್ ಬೇಡ. ಅದಕ್ಕೇ ನಕ್ಷೆ ಕೇಳುತ್ತಿರುವುದು.

ಉಪಗ್ರಹ ದೇವರಲ್ಲ ಎಂದು ನನಗೂ ಗೊತ್ತು. ಒಂದೇ ರಾತ್ರಿ ಒಡೆಯುವ ಗುಡ್ಡವನ್ನು 12 ದಿನಕ್ಕೊಮ್ಮೆ ಬರುವ ಕಣ್ಣು ಹಿಡಿಯಲಾರದು. ಆದರೆ ತಿಂಗಳುಗಟ್ಟಲೆ ಮೆಲ್ಲಗೆ ಜರುಗುವ ಬರೆಗಳೂ ಇವೆ, ಅವು ಸಿಗುತ್ತವೆ ಅಲ್ವಾ? ಮಳೆಯ ಲೆಕ್ಕವೂ ನಿಮ್ಮ ಹತ್ತಿರ ಇದೆ. ಪಂಚಾಯಿತಿಗೊಂದು ತಾನೇ ವರದಿ ಕಳಿಸುವ ಮಳೆಮಾಪಕ ಹಾಕಿದ್ದೀರಿ, ರಾಜ್ಯದಲ್ಲಿ 6,000ಕ್ಕೂ ಜಾಸ್ತಿ. ಇದು ನಿಜಕ್ಕೂ ಒಳ್ಳೆಯ ಕೆಲಸ, ಬೇರೆ ರಾಜ್ಯದವರು ಬಂದು ನೋಡಿ ಹೋಗುವಂಥದ್ದು. ಮಳೆಯ ಲೆಕ್ಕ ಒಂದು ಕಡೆ, ನೆಲದ ಲೆಕ್ಕ ಇನ್ನೊಂದು ಕಡೆ. ಎರಡನ್ನೂ ಒಂದೇ ಹಾಳೆಗೆ ತರುವವರು ಯಾರು? ಇಸ್ರೋದ ಮುಖ್ಯ ಕಚೇರಿ ಬೆಂಗಳೂರಿನಲ್ಲಿದೆ. ಇನ್ಸಾಟ್ ಉಪಗ್ರಹಗಳನ್ನು ನಡೆಸುವ ನಿಯಂತ್ರಣ ಕೇಂದ್ರ ಪಕ್ಕದ ಹಾಸನದಲ್ಲಿದೆ. ಆದರೂ ಉತ್ತರ ಕನ್ನಡದ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಹೆದ್ದಾರಿಯ ಮೇಲೆ ಬಿತ್ತು, ಕೊಚ್ಚಿಹೋದ ಲಾರಿಯನ್ನು ಗಂಗಾವಳಿ ನದಿಯಿಂದ ಮೇಲೆತ್ತುವಾಗ ಸೆಪ್ಟೆಂಬರ್ 25. ಹುಡುಕಲು ರೇಡಾರ್, ಡ್ರೋನ್ ಎಲ್ಲ ಬಂದವು. ಬಂದದ್ದು ಬಿದ್ದ ಮೇಲೆ.

2024ರ ನವೆಂಬರ್‌ನಲ್ಲಿ ಬೆಂಗಳೂರಿನ ಟೆಕ್ ಸಮ್ಮೇಳನದಲ್ಲಿ ಸರ್ಕಾರ ಸ್ಪೇಸ್ ಟೆಕ್ ನೀತಿಯ ಕರಡು ಬಿಡುಗಡೆ ಮಾಡಿತು. ದೇಶದ ಬಾಹ್ಯಾಕಾಶ ಮಾರುಕಟ್ಟೆಯ ಅರ್ಧ ಪಾಲು ಕರ್ನಾಟಕಕ್ಕೆ ಬರಬೇಕು ಎಂಬ ಗುರಿ. ಬರಲಿ, ಸಂತೋಷ. ಸ್ಟಾರ್ಟಪ್ ಹುಡುಗರಿಗೆ ಸಬ್ಸಿಡಿಯನ್ನೂ ಕೊಡಿ. ಕೊಡುವಾಗ ಒಂದು ಷರತ್ತು ಹಾಕಿ: ಮೊದಲ ಕೆಲಸ ಕೊಡಗು, ಉತ್ತರ ಕನ್ನಡ, ಚಿಕ್ಕಮಗಳೂರಿನ ಬರೆಗಳದ್ದು, ಬಿಲ್ ಪಾಸಾಗುವುದು ಪಂಚಾಯಿತಿ ಗೋಡೆಗೆ ನಕ್ಷೆ ಅಂಟಿಸಿದ ಮೇಲೆ. ಬೇಕಿದ್ದರೆ ಪಕ್ಕದಲ್ಲಿ ಅಧ್ಯಕ್ಷರು ನಿಂತ ಜಿಪಿಎಸ್ ಫೋಟೋ ಕೇಳಿ. ಆಗ ತಿಳಿಯುತ್ತದೆ ಅವರಿಗೂ.

ಇದರ ಮೇಲೆ ಮತ್ತೊಂದು ಸಮಿತಿ ಮಾಡಬೇಡಿ, ದಯವಿಟ್ಟು. ನಮ್ಮೂರಿಗೆ ಬಂದು ಬರೆ ನೋಡಿ ಫೋಟೋ ತೆಗೆದುಕೊಂಡು, ನಮ್ಮ ಮನೆ ಕಾಫಿ ಕುಡಿದು ಹೋದ ತಂಡಗಳನ್ನು ಎಣಿಸುವುದನ್ನು ನನ್ನ ಹೆಂಡತಿ ಬಿಟ್ಟಿದ್ದಾಳೆ. ಬಂದವರ ವರದಿ ಎಲ್ಲಿ ಹೋಯಿತು ಎಂದು ಕೇಳಿದರೆ ಮತ್ತೆ ಅದೇ ಉತ್ತರ, ಮೇಲೆ ಕಳಿಸಿದ್ದೇವೆ.

ನಕ್ಷೆ ಕೊಡಿ. ನಮ್ಮ ಬರೆ ಕೆಂಪು ಬಣ್ಣದಲ್ಲಿದ್ದರೆ ಈ ಸಲ ನೋಟಿಸ್ ಇಲ್ಲದೆಯೇ ಹೊರಡುತ್ತೇನೆ. ಹಸಿರಿದ್ದರೆ ನೆಮ್ಮದಿಯಾಗಿ ಮಲಗುತ್ತೇನೆ. ಎಂಟು ವರ್ಷದಿಂದ ಜುಲೈ ಆಗಸ್ಟ್‌ನಲ್ಲಿ ನಾವು ಸರದಿ ಮೇಲೆ ನಿದ್ದೆ ಮಾಡುತ್ತೇವೆ. ಒಬ್ಬರು ಮಲಗಿದರೆ ಇನ್ನೊಬ್ಬರು ಟಾರ್ಚ್ ಹಿಡಿದು ಗಂಟೆಗೊಮ್ಮೆ ಬಾಗಿಲು ಹಾಕಿ ತೆಗೆದು ನೋಡುವುದು, ಸಲೀಸಾಗಿ ಕೂರುತ್ತಾ ಎಂದು. ನಮ್ಮ ಮನೆಯ ಉಪಗ್ರಹ ಸದ್ಯಕ್ಕೆ ಅದೇ.

ಜೂನ್ ಒಂದರೊಳಗೆ ಕೊಡಿ.

ಇಂತಿ,
ಬರೆ ಕೆಳಗಿನ ಮನೆಯವ

ವಿ.ಸೂ.: ಏಳು ನೋಟಿಸ್‌ಗಳ ಜೆರಾಕ್ಸ್ ಲಗತ್ತಿಸಿದ್ದೇನೆ. ಉತ್ತರವನ್ನು ಅಂಚೆಯಲ್ಲಿ ಕಳಿಸಿ. ಫೋನ್ ಮಾಡಿಸುವುದಾದರೆ ಬೆಳಿಗ್ಗೆ ಎಂಟರಿಂದ ಎಂಟೂವರೆ ನಡುವೆ ಮಾಡಿಸಿ, ಹಾಲು ತರಲು ತಿರುವಿನ ಹತ್ತಿರ ಹೋಗಿರುತ್ತೇನೆ.