ಬ್ರೋಕರ್ ಆ್ಯಪ್ ನಿಂತುಹೋದರೆ

ಗುಂಪಿನ ಎಲ್ಲರಿಗೂ ನಮಸ್ಕಾರ.

ಸೋಮವಾರ ಬೆಳಿಗ್ಗೆ 9.20ಕ್ಕೆ ಷೇರು ಮಾರಲು ಹೋದಾಗ ನನ್ನ ಆ್ಯಪ್ ನಿಂತುಬಿಟ್ಟಿತು. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು. ಆರ್ಡರ್ ರದ್ದು ಮಾಡಲೂ ಆಗಲಿಲ್ಲ. ತೀರ್ಥಹಳ್ಳಿಯ ಮಳೆಗೆ ನೆಟ್‌ವರ್ಕ್ ಹೋಗಿರಬೇಕೆಂದುಕೊಂಡೆ. ಆದರೆ ಶಿವಮೊಗ್ಗದಲ್ಲಿರುವ ತಮ್ಮನಿಗೂ ಅದೇ ಪಾಡು. ಸಹಾಯವಾಣಿಯವರು ನಲವತ್ತು ನಿಮಿಷ ಕಾಯಿಸಿ, ‘ನಿಮ್ಮ ಇಂಟರ್‌ನೆಟ್ ನೋಡಿಕೊಳ್ಳಿ’ ಎಂದರು. ಅಡಿಕೆ ಮಾರಿದ ದುಡ್ಡನ್ನು ನಂಬಿಕೆಯಿಂದ ಹಾಕಿದವರಿಗೆ ಕೊಡುವ ಉತ್ತರವೇ ಇದು? ನನಗೆ ಇನ್ನೂ ಸಿಟ್ಟು ಇಳಿದಿಲ್ಲ.

ನಿಮಗೂ ಹೀಗಾದರೆ ಕೂಡಲೇ ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಫೋನಿನಲ್ಲಿ ಹೇಳಿ ಸುಮ್ಮನಾಗಬೇಡಿ. ಇಮೇಲ್ ಬರೆದು ದೂರಿನ ಸಂಖ್ಯೆ ಪಡೆಯಿರಿ. ಬಾಯಿಮಾತಿಗೆ ಸಾಕ್ಷಿ ಇರುವುದಿಲ್ಲ. ಬ್ರೋಕರ್ ಜಗ್ಗದಿದ್ದರೆ ಷೇರುಪೇಟೆಯ ನಿಯಂತ್ರಣ ಸಂಸ್ಥೆಯಾದ ಸೆಬಿಯ ‘ಸ್ಕೋರ್ಸ್’ ಜಾಲತಾಣದಲ್ಲಿ ದೂರು ದಾಖಲಿಸಿ. ಶುಲ್ಕವಿಲ್ಲ. ಘಟನೆ ನಡೆದ ಒಂದು ವರ್ಷದೊಳಗೆ ಕೊಡಬೇಕು. ಬ್ರೋಕರ್ 21 ದಿನಗಳೊಳಗೆ ಉತ್ತರಿಸಬೇಕು. ಅದೂ ಸಮಾಧಾನ ತರದಿದ್ದರೆ ‘ಸ್ಮಾರ್ಟ್ ಒಡಿಆರ್’ ಎಂಬ ಆನ್‌ಲೈನ್ ವ್ಯಾಜ್ಯ ಪರಿಹಾರ ವೇದಿಕೆಯ ಮೂಲಕ ಸಂಧಾನಕ್ಕೆ ಹೋಗಬಹುದು.

ಇನ್ನೊಂದು ಮಾತು, ಇದು ಬಹಳ ಮುಖ್ಯ. ಗಾಬರಿಯಲ್ಲಿ ಗೂಗಲ್‌ನಲ್ಲಿ ಸಿಕ್ಕ ‘ಕಸ್ಟಮರ್ ಕೇರ್’ ಸಂಖ್ಯೆಗಳಿಗೆ ಕರೆ ಮಾಡಬೇಡಿ. ಅವುಗಳಲ್ಲಿ ವಂಚಕರವೂ ಇರುತ್ತವೆ. ಆ್ಯಪ್‌ನೊಳಗಿನ ಸಂಖ್ಯೆಯನ್ನೇ ಬಳಸಿ, ಒಟಿಪಿಯನ್ನು ಯಾರಿಗೂ ಹೇಳಬೇಡಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಸೋಮವಾರ ಯಾರಿಗೆಲ್ಲ ತೊಂದರೆಯಾಯಿತೋ ಅವರು ಸ್ಕ್ರೀನ್‌ಶಾಟ್‌ಗಳೊಂದಿಗೆ ಭಾನುವಾರ ಸಂಜೆ ನಮ್ಮ ಮನೆಗೆ ಬನ್ನಿ. ಹಿರಿಯರಿಗೆ ದೂರು ತುಂಬಿಸಲು ನಾನೇ ಕುಳಿತು ನೆರವಾಗುತ್ತೇನೆ.